ರೋಗಿ ಸಂದರ್ಶನ ಮತ್ತು ಕೈಯ ಶುದ್ಧಿ

ಸಹೋದರರೇ, ರೋಗಿಯನ್ನು ಸಂದರ್ಶಿಸುವುದು ಮುಸ್ಲಿಮನ ಮೇಲೆ ಮುಸ್ಲಿಮನಿಗಿರುವ ಹಕ್ಕೆಂದು ಪ್ರವಾದಿ(ಸ) ಕಲಿಸಿದರು. ಅಜ್ಜೀಪುರದಿಂದ ಕೊಳ್ಳೇಗಾಲ, ಮೈಸೂರಿನ ಆಸ್ಪತ್ರೆಗಳಿಗೆ ನಾವು ಗುಂಪಾಗಿ ಹೋಗುತ್ತೇವೆ. ಒಬ್ಬರ ಹಾಸಿಗೆ ಮುಟ್ಟಿದ ಕೈಯಲ್ಲೇ ಇನ್ನೊಬ್ಬರ ಕೈ ಹಿಡಿಯುತ್ತೇವೆ. ಸೋಂಕು ದಾಟುವುದು ಹೀಗೆಯೇ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದಾಗ ಬಾಣಂತಿಯರ ಸಾವು ಬಹಳ ಇಳಿಯಿತು.

ವಾರ್ಡಿನ ಬಾಗಿಲಲ್ಲಿರುವ ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಇದೆಯೆಂದು ನಮ್ಮಲ್ಲಿ ಕೆಲವರು ಹಿಂಜರಿಯುತ್ತಾರೆ. ರೋಗಾಣು ಕೊಲ್ಲಲು ಅದನ್ನು ಮೈಮೇಲೆ ಬಳಸಬಹುದೆಂದು ಮಕ್ಕಾದ ಇಸ್ಲಾಮಿಕ್ ಫಿಕ್ಹ್ ಕೌನ್ಸಿಲ್ 2002ರಲ್ಲೇ ತೀರ್ಮಾನಿಸಿದೆ. ಒಳಹೋಗುವಾಗಲೂ ಹೊರಬರುವಾಗಲೂ 20–30 ಸೆಕೆಂಡು, ಒಣಗುವವರೆಗೆ ಉಜ್ಜೋಣ. ಕೈ ಕೊಳೆಯಾಗಿದ್ದರೆ ಸೋಪು, ನೀರೇ ಬೇಕು. ಸ್ಯಾನಿಟೈಸರ್ ವುಝೂಗೆ ಬದಲಲ್ಲ.

ದುಆ ಮಾಡಲು ಹೋದ ನಾವು ರೋಗ ಹಂಚಿ ಬರಬಾರದು. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ. ಆಮೀನ್.