ಪತ್ತೇದಾರಿ ಕಥೆಯ ಅಂಗಗಳು ಮತ್ತು ನಮ್ಮ ಮಕ್ಕಳ ಓದು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಇಂಥ ಸಭೆಗಳಲ್ಲಿ ಪಂಪನನ್ನೋ ಬಸವಣ್ಣನವರನ್ನೋ ಕುವೆಂಪು ಅವರನ್ನೋ ಕುರಿತು ಮಾತನಾಡುವುದು ವಾಡಿಕೆ. ನಾನು ಪತ್ತೇದಾರಿ ಕಥೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. “ಮಗು ಪಾಠ ಬಿಟ್ಟು ಕೊಲೆ, ಕಳ್ಳತನದ ಕಥೆ ಓದುತ್ತದೆ, ನೀವಾದರೂ ಬುದ್ಧಿ ಹೇಳಿ ಟೀಚರ್” ಎಂದು ಪೋಷಕರು ನನ್ನಲ್ಲಿ ದೂರುವುದುಂಟು. ಅಂಥ ಕಥೆಯೊಳಗೆ ಏನಿದೆ, ಅದು ಓದುವವರ ಬುದ್ಧಿಯಿಂದ ಏನನ್ನು ಬೇಡುತ್ತದೆ ಎಂಬುದನ್ನು ಒಮ್ಮೆ ಬಿಡಿಸಿ ನೋಡಿ, ಆಮೇಲೆ ತೀರ್ಪು ನೀಡೋಣ.

ರಹಸ್ಯದ ರುಚಿ ನಮಗೆ ಹೊಸದಲ್ಲ. ಅಜ್ಜಿಯರ ಒಗಟುಗಳಲ್ಲಿಯೂ ವಿಕ್ರಮನನ್ನು ಕಾಡಿದ ಬೇತಾಳನ ಪ್ರಶ್ನೆಗಳಲ್ಲಿಯೂ ಅದು ಇದ್ದೇ ಇತ್ತು. ಇಂದಿನ ಪತ್ತೇದಾರಿ ಕಥೆಯ ರೂಪವಾದರೋ ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಪ್ರಕಟಿಸಿದ ಕಥೆಯೊಂದರಿಂದ ಮೊದಲಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. 1887ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಅವರ ಷರ್ಲಾಕ್ ಹೋಮ್ಸ್ ಕಾಣಿಸಿಕೊಂಡ ಮೇಲೆ ಅದು ಲೋಕಪ್ರಿಯವಾಯಿತು.

ಅದರ ಅಂಗಗಳನ್ನು ತಿಳಿಯಲು ನಮ್ಮದೇ ನೇಕಾರರ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ರಾತ್ರಿ ನೇಯ್ದು ಮುಗಿಸಿದ ರೇಷ್ಮೆ ಸೀರೆಯನ್ನು ಮಗ್ಗದಲ್ಲಿಯೇ ಬಿಟ್ಟು ಮನೆಯವರು ಮಲಗಿದ್ದಾರೆ. ಬೆಳಗಾಗುವಷ್ಟರಲ್ಲಿ ಸೀರೆಯಿಲ್ಲ. ಬಾಗಿಲ ಬೀಗ ಮುರಿದಿಲ್ಲ. ಹಿಂದಿನ ಸಂಜೆ ಕೂಲಿಯ ವಿಷಯವಾಗಿ ಜಗಳವಾಡಿ ಹೋದ ನೂಲಿನ ವ್ಯಾಪಾರಿಯ ಮೇಲೆ ಎಲ್ಲರ ಕಣ್ಣು. ಆದರೆ ಮನೆಯ ಹುಡುಗಿ ಮಗ್ಗದ ಬಳಿ ಕುಳಿತು ಒಂದು ಸಂಗತಿಯನ್ನು ಗಮನಿಸುತ್ತಾಳೆ: ಸೀರೆಯನ್ನು ಕತ್ತರಿಸಿದವರು ಉಳಿದ ಹಾಸಿನ ಎಳೆಗಳು ಜಾರಿಹೋಗದಂತೆ ಅವುಗಳ ನಡುವೆ ಕಡ್ಡಿ ತೂರಿಸಿ ಕಟ್ಟಿದ್ದಾರೆ. ಕದಿಯುವ ಅವಸರದಲ್ಲಿರುವವನು ಮುಂದಿನ ಸೀರೆಯ ಚಿಂತೆ ಮಾಡುವನೇ? ನೇಯ್ಗೆ ಬಲ್ಲವರು, ಅದರಲ್ಲಿಯೂ ಆ ಮಗ್ಗದ ಮೇಲೆ ಮಮತೆಯುಳ್ಳವರು ಮಾತ್ರ ಹಾಗೆ ಮಾಡಿಯಾರು. ಮಗ ಹೊತ್ತ ಸಾಲವನ್ನು ಅವನಿಗೆ ತಿಳಿಯದಂತೆ ತೀರಿಸಲು ವೃದ್ಧ ತಂದೆಯೇ ಸೀರೆಯನ್ನು ಮಾರಲು ಕೊಟ್ಟಿದ್ದರೆಂದು ಕೊನೆಗೆ ತಿಳಿಯುತ್ತದೆ.

ಈ ಪುಟ್ಟ ಕಥೆಯಲ್ಲಿ ಪತ್ತೇದಾರಿ ಕಥೆಯ ಅಂಗಗಳೆಲ್ಲವೂ ಇವೆ. ಸೀರೆ ಎಲ್ಲಿ ಹೋಯಿತು ಎಂಬ ಸ್ಪಷ್ಟವಾದ ಪ್ರಶ್ನೆಯಿದೆ. ಹೊರಗಿನವರು ಸುಲಭವಾಗಿ ಬರಲಾರದ, ಎಲ್ಲೆಯುಳ್ಳ ಒಂದು ಸ್ಥಳವಿದೆ. ಸಂಶಯಕ್ಕೆ ಒಳಗಾಗುವ ಕೆಲವರಿದ್ದಾರೆ. ನಮ್ಮನ್ನು ತಪ್ಪು ದಾರಿಗೆ ಎಳೆಯುವ ಜಗಳದ ಸಂಗತಿಯಿದೆ. ಎಲ್ಲರ ಕಣ್ಣೆದುರಿಗಿದ್ದರೂ ಒಬ್ಬರಿಗೆ ಮಾತ್ರ ಅರ್ಥವಾಗುವ ಸುಳಿವಿದೆ. ಆ ಸುಳಿವಿನಿಂದ ಉತ್ತರಕ್ಕೆ ನಡೆಸುವ ತರ್ಕವಿದೆ. ಕೊನೆಯದಾಗಿ ಉದ್ದೇಶವಿದೆ. ಯಾರು ಮಾಡಿದರು ಎಂಬುದರ ಜೊತೆಗೆ ಏಕೆ ಮಾಡಿದರು ಎಂಬುದೂ ತಿಳಿದಾಗಲೇ ಕಥೆ ಮನಸ್ಸಿನಲ್ಲಿ ನಿಲ್ಲುವುದು.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಅಂಗವುಂಟು; ಅದು ನ್ಯಾಯ. ಇಂಗ್ಲೆಂಡಿನ ಪಾದ್ರಿ, ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕಥೆಗಳಿಗೆ ಹತ್ತು ನಿಯಮಗಳನ್ನು ವಿಧಿಸಿದರು. ಅಪರಾಧಿಯು ಕಥೆಯ ಮೊದಲ ಭಾಗದಲ್ಲಿಯೇ ಕಾಣಿಸಿಕೊಂಡಿರಬೇಕು. ಪತ್ತೇದಾರನಿಗೆ ದೊರೆತ ಸುಳಿವನ್ನು ಓದುಗನಿಂದ ಬಚ್ಚಿಡಬಾರದು. ದೈವಿಕ ಪವಾಡದಿಂದ ಗಂಟು ಬಿಡಿಸಬಾರದು. ಅಂದರೆ ಲೇಖಕನು ಓದುಗನನ್ನು ದಾರಿ ತಪ್ಪಿಸಬಹುದು, ಆದರೆ ಅವನಿಗೆ ಸುಳ್ಳು ಹೇಳಬಾರದು. ಹೀಗಿದ್ದಾಗ ಮಗುವು ಕೊನೆಯ ಪುಟದಿಂದ ಹಿಂದಕ್ಕೆ ಬಂದು, “ಇದು ಇಲ್ಲಿಯೇ ಇತ್ತಲ್ಲ, ನಾನು ಗಮನಿಸಲಿಲ್ಲ” ಎನ್ನುತ್ತದೆ. ಎಚ್ಚರದ ಓದು ಕಲಿಯುವುದು ಅಲ್ಲಿಯೇ.

ಕನ್ನಡದಲ್ಲಿ ಈ ಪ್ರಕಾರಕ್ಕೆ ದೊಡ್ಡ ಓದುಗವರ್ಗವನ್ನು ದೊರಕಿಸಿದವರಲ್ಲಿ ಎನ್. ನರಸಿಂಹಯ್ಯನವರು ಪ್ರಮುಖರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯರಿಗಾಗಿ ಒಂದು ತಲೆಮಾರು ಕಾದು ಕುಳಿತಿತ್ತು. ದೊಡ್ಡ ಗ್ರಂಥಗಳನ್ನು ಮುಟ್ಟಲು ಅಂಜುತ್ತಿದ್ದ ಜನಸಾಮಾನ್ಯರನ್ನು ಕನ್ನಡ ಓದಿಗೆ ತಂದವರು ಅವರು. ಕನ್ನಡ ಬಾವುಟವನ್ನು ರೂಪಿಸಿದ ಹೋರಾಟಗಾರ ಎಂ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಭಾಷೆಯನ್ನು ಉಳಿಸಲು ಬೀದಿಗಿಳಿದವರು ಅದನ್ನು ಓದಿಸುವ ಕೆಲಸವನ್ನೂ ಮಾಡಿದರೆಂಬುದನ್ನು ನಾವು ಮರೆಯಬಾರದು.

ಹಗುರವೆನಿಸುವ ಈ ಚೌಕಟ್ಟು ಎಷ್ಟು ಭಾರ ಹೊರಬಲ್ಲುದೆಂಬುದಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಸಾಕ್ಷಿ. ಏಲಕ್ಕಿ ವಿಜ್ಞಾನಿಯೊಬ್ಬನ ಸಾವಿನ ಸುತ್ತಲಿನ ತನಿಖೆಯ ನೆಪದಲ್ಲಿ ಮಲೆನಾಡಿನ ಊರೊಂದರ ಜಾತಿ, ರಾಜಕೀಯ, ಕಾಡಿನ ನಾಶ ಎಲ್ಲವನ್ನೂ ಅದು ತೋರಿಸುತ್ತದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅದಕ್ಕೆ ದೊರೆಯಿತು. ಅದರ ಹೆಸರಿನಲ್ಲಿರುವ ನುಡಿಗಟ್ಟಿನ ಮೂಲವೂ ನಾವಿರುವ ತಮಿಳುನಾಡಿನದೇ. ಚಿದಂಬರದ ಗುಡಿಯಲ್ಲಿ ತೆರೆ ಸರಿಸಿದರೆ ಕಾಣುವುದು ತೂಗುವ ಚಿನ್ನದ ಬಿಲ್ವಪತ್ರೆಗಳು ಮತ್ತು ಬಯಲು.

ಇನ್ನು ನಮ್ಮ ಊರಿನ ಮಾತು. ತಮಿಳಿನಲ್ಲಿ ಸಾವಿರಕ್ಕೂ ಹೆಚ್ಚು ಅಪರಾಧ ಕಾದಂಬರಿಗಳನ್ನು ಬರೆದ ರಾಜೇಶ್ ಕುಮಾರ್ ಕೊಯಮತ್ತೂರಿನವರು. ಬಸ್ ನಿಲ್ದಾಣದ ಅಂಗಡಿಯಲ್ಲಿ ಅವರ ಕಿರುಕಾದಂಬರಿಯನ್ನು ಕೊಂಡು ಪಯಣದಲ್ಲಿಯೇ ಓದಿದ ನೆನಪು ನಿಮ್ಮಲ್ಲಿ ಅನೇಕರಿಗಿರಬಹುದು. ನಮ್ಮ ಮಕ್ಕಳು ತಮಿಳನ್ನು ಹಾಗೆ ಓದಲಿ. ಅದು ಅವರನ್ನು ಪೊರೆಯುವ ನೆಲದ ಭಾಷೆ. ಆದರೆ ಕನ್ನಡವನ್ನೂ ಅಷ್ಟೇ ಆಸೆಯಿಂದ ಓದಬೇಡವೇ? ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಕನ್ನಡ ಮಾತಾಗಿ ಉಳಿದಿದೆ. ಅಕ್ಷರವಾಗಿ ಎಲ್ಲ ಮನೆಗಳಲ್ಲಿಯೂ ಉಳಿದಿಲ್ಲ. ಅಂಗಡಿಯ ಫಲಕದಲ್ಲಾಗಲಿ ಬಸ್ಸಿನ ಹಲಗೆಯಲ್ಲಾಗಲಿ ಕನ್ನಡ ಕಾಣದ ಊರಿನಲ್ಲಿ, ಶಾಲೆಯ ಗಂಟೆ ಹೊಡೆದ ಮೇಲೂ ಮಗುವು ಕನ್ನಡ ಪುಸ್ತಕವನ್ನು ತಾನಾಗಿ ಕೈಗೆತ್ತಿಕೊಳ್ಳಬೇಕಾದರೆ ಮುಂದಿನ ಪುಟದಲ್ಲಿ ಏನಿದೆಯೋ ಎಂಬ ಕುತೂಹಲ ಬೇಕು. ಉಪದೇಶದಿಂದ ಅದು ಹುಟ್ಟದು.

ಎಲ್ಲ ಪತ್ತೇದಾರಿ ಪುಸ್ತಕಗಳೂ ಮಕ್ಕಳಿಗೆ ತಕ್ಕವೆಂದು ನಾನು ಹೇಳುತ್ತಿಲ್ಲ. ಕ್ರೌರ್ಯವನ್ನೇ ರುಚಿಯಾಗಿ ಬಡಿಸುವವುಗಳನ್ನು ಬೇರ್ಪಡಿಸುವ ಹೊಣೆ ಶಿಕ್ಷಕರದು, ಹಿರಿಯರದು. ಉಳಿದವುಗಳನ್ನು ಮನೆಯಲ್ಲಿ ಜೊತೆಗೆ ಕುಳಿತು ಓದಿರಿ. ಕೊನೆಯ ಅಧ್ಯಾಯಕ್ಕೆ ಮುನ್ನ ಪುಸ್ತಕ ಮುಚ್ಚಿ, ಅಪರಾಧಿ ಯಾರು, ಹಾಗೆನ್ನಲು ಯಾವ ಮೂರು ಕಾರಣಗಳಿವೆ ಎಂದು ಮಗುವಿನಿಂದ ಕನ್ನಡದಲ್ಲಿ ಬರೆಸಿರಿ. ಉತ್ತರ ತಪ್ಪಾದರೂ ಚಿಂತೆಯಿಲ್ಲ. ಕಾರಣವಿಲ್ಲದೆ ಯಾರನ್ನೂ ಕಳ್ಳನೆನ್ನಬಾರದೆಂಬ ಪಾಠ ಅಷ್ಟರಲ್ಲಿ ಆಗಿರುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ನಿಮ್ಮ ಅಟ್ಟದಲ್ಲಿ ಧೂಳು ಹಿಡಿದಿರುವ ಕನ್ನಡ ಪತ್ತೇದಾರಿ ಕಾದಂಬರಿಗಳನ್ನು ರದ್ದಿಗೆ ಹಾಕದೆ ಶಾಲೆಯ ಗ್ರಂಥಾಲಯಕ್ಕೆ ಕೊಡಿರಿ. ಎರಡನೆಯ ಶತಮಾನಕ್ಕೆ ಕಾಲಿಡುವ ಶಾಲೆಗೆ ಕಟ್ಟಡದಷ್ಟೇ ಓದುಗರೂ ಬೇಕು.