ಬಾಗಿಲಾಚೆ ಯಾರು?

ನನ್ನ ಹಳೆಯ ವಿದ್ಯಾರ್ಥಿಗಳೇ,

ದೆವ್ವ ಕಾಣಿಸಿಕೊಂಡರೇ ಕಥೆಗೆ ಭಯ ಎಂದು ನೀವು ತರಗತಿಯಲ್ಲಿ ವಾದಿಸುತ್ತಿದ್ದಿರಿ. ಆಗ ನಾನು ಹೇಳುತ್ತಿದ್ದುದು ಇಂಗ್ಲೆಂಡಿನ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಬರೆದ, 1902ರಲ್ಲಿ ಪ್ರಕಟವಾದ ‘ದಿ ಮಂಕೀಸ್ ಪಾ’ ಕಥೆ.

ಒಣಗಿದ ಮಂಗನ ಪಂಜವೊಂದು ಮೂರು ವರ ಕೊಡುತ್ತದೆ. ಅಪ್ಪ 200 ಪೌಂಡ್ ಕೇಳುತ್ತಾನೆ. ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಪರಿಹಾರವಾಗಿ ಬರುವುದು ಅದೇ 200 ಪೌಂಡ್. ಮಣ್ಣು ಮಾಡಿದ ಮೇಲೆ, ತಾಯಿಯ ಹಟಕ್ಕೆ ಎರಡನೆಯ ವರ: ಮಗ ಬದುಕಿ ಬರಲಿ. ರಾತ್ರಿ ಯಾರೋ ಬಾಗಿಲು ಬಡಿಯುತ್ತಾರೆ.

ಇಲ್ಲಿ ಲೇಖಕ ಅವಸರಪಡುವುದಿಲ್ಲ. ಮೇಲಿನ ಚಿಲಕ ತಾಯಿಗೆ ಎಟುಕದು, ಕುರ್ಚಿ ಎಳೆಯುತ್ತಾಳೆ. ಮಗನ ಜಜ್ಜಿದ ದೇಹ ಕಂಡಿದ್ದ ಅಪ್ಪ, ಕೊನೆಯ ವರಕ್ಕಾಗಿ ನೆಲ ತಡಕಿ ಪಂಜ ಹುಡುಕುತ್ತಾನೆ. ಬಾಗಿಲು ತೆಗೆಯಲಿ ಎಂದೂ ನಮಗನಿಸುತ್ತದೆ, ತೆಗೆಯದಿರಲಿ ಎಂದೂ. ಉಸಿರು ಬಿಗಿಯುವುದು ಅಲ್ಲೇ. ಕೊನೆಗೆ ತೆರೆದರೆ ಖಾಲಿ ರಸ್ತೆ. ಹೊರಗೆ ನಿಂತದ್ದೇನೆಂದು ಜೇಕಬ್ಸ್ ತೋರಿಸುವುದೇ ಇಲ್ಲ.

ಅಂದು ನೀವು ಹೆದರಿದ್ದಿರಿ. ಇಂದು ನೀವೂ ತಂದೆತಾಯಂದಿರು. ಚಿಲಕಕ್ಕೆ ಚಾಚಿದ ಆ ಕೈಯ ಸಂಕಟ ತಿಳಿದೀತು. ಮಕ್ಕಳಿಗೆ ಈ ಕಥೆ ಹೇಳಿ. ಬಾಗಿಲು ಬಡಿಯುವಲ್ಲಿ ಮಾತ್ರ ಒಂದು ಗಳಿಗೆ ಸುಮ್ಮನಿರಿ.