ಫ್ಲೂ ಬೇರೆ, ಕೊರೊನಾ ಬೇರೆ
(ಗಿರಣಿ ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಜ್ವರ, ಕೆಮ್ಮು, ಮೈಕೈ ನೋವು ಬಂತೆಂದರೆ ನಾವು ಅದನ್ನು ಫ್ಲೂ ಎಂದೋ ಕೊರೊನಾ ಎಂದೋ ಬಾಯಿಗೆ ಬಂದ ಹೆಸರಿನಿಂದ ಕರೆಯುತ್ತೇವೆ. ಹೊರಲಕ್ಷಣ ನೋಡಿ ಇವೆರಡನ್ನೂ ಬೇರ್ಪಡಿಸುವುದು ವೈದ್ಯರಿಗೂ ಕಷ್ಟ, ಪರೀಕ್ಷೆಯೇ ಆಗಬೇಕು. ಆದರೆ ಈ ಎರಡು ವೈರಸ್‌ಗಳು ಒಂದೇ ಕುಲದವಲ್ಲ. ಇದು ತಿಳಿಯದೆ ಒಂದರ ಮಾತ್ರೆಯನ್ನು ಇನ್ನೊಂದಕ್ಕೆ ನುಂಗಿ ದುಡಿದ ಹಣ ಕಳೆಯುವವರು ನಾವೇ.

ಅಂಗಡಿಯ ಮಾತಿನಲ್ಲಿ ಹೇಳುವುದಾದರೆ, ವೈರಸ್ ಎಂಬುದು ಒಂದು ಲೆಕ್ಕದ ಪುಸ್ತಕ. ನಮ್ಮ ಜೀವಕೋಶದೊಳಗೆ ಹೊಕ್ಕು ತನ್ನ ನಕಲು ತೆಗೆಸುವುದೊಂದೇ ಅದರ ಉದ್ಯೋಗ. ನಮ್ಮನ್ನು ಹೆಚ್ಚಾಗಿ ಕಾಡುವ ಫ್ಲೂವಿನ ಪುಸ್ತಕ 8 ಬಿಡಿ ಹಾಳೆಗಳದು. ನಕಲಿನ ತಪ್ಪು ತಿದ್ದುವವರು ಅಲ್ಲಿಲ್ಲ. ಹೀಗಾಗಿ ವರ್ಷ ವರ್ಷವೂ ವೇಷ ಬದಲು. ಒಂದೇ ಪ್ರಾಣಿಯ ಮೈಯಲ್ಲಿ ಎರಡು ಬಗೆಯ ಫ್ಲೂ ಸೇರಿದರಂತೂ ಹಾಳೆಗಳು ಕಲೆತು ಹೊಸ ಪುಸ್ತಕವೇ ಹುಟ್ಟೀತು. 1957ರಲ್ಲಿ ಜಗತ್ತನ್ನು ಸುತ್ತಿದ ಏಷ್ಯನ್ ಫ್ಲೂ ಹುಟ್ಟಿದ್ದು ಹೀಗೆಯೇ. ಅದರ 3 ಹಾಳೆಗಳು ಹಕ್ಕಿಗಳ ಫ್ಲೂವಿನವು.

ಕೊರೊನಾದ್ದು ಒಂದೇ ಉದ್ದನೆಯ ಸುರುಳಿ. ಸುಮಾರು 30,000 ಅಕ್ಷರ, ಫ್ಲೂವಿನ ಎರಡರಷ್ಟಕ್ಕೂ ಹೆಚ್ಚು. ಇಷ್ಟುದ್ದದ ಬರಹ ಕೆಡದಂತೆ ತಪ್ಪು ತಿದ್ದುವ ಗುಮಾಸ್ತನೊಬ್ಬನನ್ನು ಅದು ಜೊತೆಯಲ್ಲೇ ಇಟ್ಟುಕೊಂಡಿದೆ. ಗುಮಾಸ್ತನ ಕಣ್ಣೂ ತಪ್ಪುವುದುಂಟು. 2021ರಲ್ಲಿ ಡೆಲ್ಟಾ ಬಂತು, ಅದರ ಬೆನ್ನಿಗೇ ಓಮಿಕ್ರಾನ್.

ಇನ್ನು ಔಷಧಿ. ಹುಟ್ಟಿದ ಫ್ಲೂ ಮರಿಗಳು ಜೀವಕೋಶದಿಂದ ಬಿಡಿಸಿಕೊಳ್ಳಲು ನ್ಯೂರಮಿನಿಡೇಸ್ ಎಂಬ ಕತ್ತರಿ ಬೇಕು. ಒಸೆಲ್ಟಾಮಿವಿರ್ ಮಾತ್ರೆ ಆ ಕತ್ತರಿಯನ್ನು ಮೊಂಡು ಮಾಡುತ್ತದೆ; ಜ್ವರ ಹತ್ತಿದ 48 ಗಂಟೆಯೊಳಗೆ ತೆಗೆದುಕೊಂಡರೆ ಫಲ ಹೆಚ್ಚು. 2019ರ ಕೊನೆಗೆ ಕಾಣಿಸಿಕೊಂಡ ಕೊರೊನಾಕ್ಕೆ ಆ ಕತ್ತರಿಯೇ ಇಲ್ಲ. ಇಲ್ಲದ ಕತ್ತರಿಯನ್ನು ಮೊಂಡು ಮಾಡುವುದೆಂತು? ಲಸಿಕೆಯೂ ಹಾಗೆಯೇ, ಒಂದರದು ಇನ್ನೊಂದನ್ನು ತಡೆಯದು. ಸಾಬೂನು ಮಾತ್ರ ಪಕ್ಷಪಾತ ಮಾಡುವುದಿಲ್ಲ. ಎರಡರ ಕೊಬ್ಬಿನ ಹೊದಿಕೆಯನ್ನೂ ಕರಗಿಸಿಬಿಡುತ್ತದೆ.

ನಮಗೆ ಮುಖ್ಯವಾದದ್ದು ದಿನಗಳ ಲೆಕ್ಕ. ಫ್ಲೂ ತಗಲಿದ 1ರಿಂದ 4 ದಿನದಲ್ಲಿ ಹೊರಬೀಳುತ್ತದೆ. ಕೊರೊನಾ 2ರಿಂದ 14 ದಿನ ಅಡಗಿರಬಲ್ಲದು. ಜ್ವರ ಕಾಣುವ ಮೊದಲೇ ಮಗ್ಗದ ಪಕ್ಕದವನಿಗೆ ಹಬ್ಬುತ್ತದೆ. ಎರಡು ದಿನ ನೋಡಿ ಪಾಳಿಗೆ ಹೊರಡುವ ನಮ್ಮ ರೂಢಿ ಇದಕ್ಕೆ ಸಾಲದು. ಕೂಲಿ ಹೋಗುತ್ತದೆಂದು ಜ್ವರ ಮುಚ್ಚಿಟ್ಟು ಬರುವವನನ್ನು ಬೈದು ಫಲವಿಲ್ಲ. ಕೂಲಿ ಕಡಿಯದ ರಜೆ ಸಿಕ್ಕರೆ ಅವನೇ ಮನೆಯಲ್ಲಿರುತ್ತಾನೆ. ಇಎಸ್‌ಐ ಇರುವ ಕಾರ್ಮಿಕನಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ಕಾಯಿಲೆ ಭತ್ಯವಾದರೂ ಉಂಟು. ಒಬ್ಬನೇ ಅಂಗಡಿ ತೆರೆದು ಕೂರುವವನಿಗೆ ಅದೂ ಇಲ್ಲ.